ಲೋಹ ಸಿಂಪಡಿಸಿದ ಮ್ಯಾಕ್ಸ್ ಶೋಪ್

 

ಕಳೆದ ಬೇಸಿಗೆಯಲ್ಲಿ ನಮ್ಮ ತೋಟದ ಪಂಪಿನ ಶಾಫ್ಟು ಸವೆದು ನೀರು ನಿಂತೇ ಹೋಯಿತು. ಹೊಸದು ತರಲು ದುಡ್ಡಿರಲಿಲ್ಲ. ಅಡಿಕೆ ಸಸಿಗಳು ಬಾಡುತ್ತಿದ್ದವು. ಅಪ್ಪ ಸರಿಯಾಗಿ ಊಟ ಮಾಡ್ತಿರಲಿಲ್ಲ. ಕೊನೆಗೆ ಪೇಟೆಯ ಲೇತ್ ಅಂಗಡಿಯವರು ಸವೆದ ಜಾಗಕ್ಕೆ ಉರಿಯುವ ಗನ್ನಿನಿಂದ ಲೋಹದ ಪುಡಿ ಸಿಂಪಡಿಸಿ, ಲೇತಿಗೆ ಹಾಕಿ ಹಳೆಯ ಅಳತೆಗೇ ತಂದುಕೊಟ್ಟರು. ಇದನ್ನು ಕಂಡುಹಿಡಿದವರು ಯಾರು ಅಂತ ನಾನು ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಹೇಳಿದ್ದನ್ನು ನಿಮಗೂ ತಿಳಿಸುತ್ತೇನೆ.

ಮ್ಯಾಕ್ಸ್ ಉಲ್ರಿಚ್ ಶೋಪ್ ಅವರು 1870ರಲ್ಲಿ ಸ್ವಿಟ್ಜರ್ಲೆಂಡ್ ದೇಶದಲ್ಲಿ ಹುಟ್ಟಿದರು. ಒಮ್ಮೆ ಮಕ್ಕಳು ಆಟದ ಬಂದೂಕಿನಿಂದ ಗೋಡೆಗೆ ಸೀಸದ ಗುಂಡು ಹೊಡೆಯುತ್ತಿದ್ದರಂತೆ. ಗುಂಡುಗಳು ಚಪ್ಪಟೆಯಾಗಿ ಗೋಡೆಗೆ ಅಂಟಿಕೊಂಡಿದ್ದನ್ನು ಶೋಪ್ ನೋಡಿದರು ಎಂದು ಹೇಳುತ್ತಾರೆ. ನಾವಾಗಿದ್ದರೆ ಮಕ್ಕಳನ್ನು ಗದರಿಸಿ ಸುಮ್ಮನಾಗುತ್ತಿದ್ದೆವು. ಅವರು ಯೋಚಿಸುತ್ತಾ ಕೂತರು.

ಮೊದಲು ಅವರು ಕರಗಿದ ಲೋಹವನ್ನು ಗಾಳಿಯ ಒತ್ತಡದಿಂದ ಹನಿಹನಿಯಾಗಿ ಹಾರಿಸಿದರು. ಆ ಯಂತ್ರ ಬಹಳ ದೊಡ್ಡದು, ಎತ್ತಿಕೊಂಡು ಹೋಗುವಂತಿರಲಿಲ್ಲ. ಆಮೇಲೆ ಲೋಹದ ಪುಡಿಯನ್ನು ಬೆಂಕಿಯ ಜ್ವಾಲೆಯಲ್ಲಿ ಹಾಯಿಸಿ ನೋಡಿದರು. 1912ರ ಹೊತ್ತಿಗೆ ತಂತಿಯನ್ನು ಕರಗಿಸಿ ಸಿಂಪಡಿಸುವ, ಕೈಯಲ್ಲಿ ಹಿಡಿಯುವ ಗನ್ನನ್ನೇ ಮಾಡಿದರು. ಒಂದು ಸಲಕ್ಕೇ ಎಲ್ಲ ಆಗಲಿಲ್ಲ, ಆದರೂ ಅವರು ಬಿಡಲಿಲ್ಲ.

ಇದು ಕೆಲಸ ಮಾಡುವ ರೀತಿ ಸುಲಭ. ಆಕ್ಸಿಜನ್ ಮತ್ತು ಅಸಿಟಿಲೀನ್ ಸೇರಿ ಉರಿದರೆ ಸುಮಾರು 3000 ಡಿಗ್ರಿ ಶಾಖ ಬರುತ್ತದೆ. ಸತು 419 ಡಿಗ್ರಿಗೇ ಕರಗುತ್ತದೆ. ಕರಗಿದ ಹನಿಗಳು ಜೋರಾಗಿ ಬಂದು, ಗೋಡೆಗೆ ಬೆರಣಿ ತಟ್ಟಿದ ಹಾಗೆ ಚಪ್ಪಟೆಯಾಗಿ ಕೂರುತ್ತವೆ. ಹನಿಯ ಮೇಲೆ ಹನಿ ಬಿದ್ದು ಪದರ ಬೆಳೆಯುತ್ತದೆ. ನುಣುಪಾದ ಕಬ್ಬಿಣಕ್ಕೆ ಅದು ಹಿಡಿಯುವುದಿಲ್ಲ. ಅದಕ್ಕೇ ಮೊದಲು ಮೇಲ್ಮೈಯನ್ನು ತರಿತರಿ ಮಾಡುತ್ತಾರೆ.

ನಿಕ್ಕಲ್, ಕ್ರೋಮಿಯಂ, ಬೋರಾನ್, ಸಿಲಿಕಾನ್ ಸೇರಿದ ಮಿಶ್ರಲೋಹದ ಪುಡಿಯೂ ಇದೆ. ಅದನ್ನು ಸಿಂಪಡಿಸಿ, ಮತ್ತೆ ಸುಮಾರು 1000 ಡಿಗ್ರಿಗೆ ಕಾಯಿಸಿದರೆ ಪದರ ಕಬ್ಬಿಣಕ್ಕೆ ಬೆಸೆದುಕೊಂಡು ಬಹಳ ಗಟ್ಟಿಯಾಗುತ್ತದೆ, ಬೇಗ ಸವೆಯುವುದಿಲ್ಲ. ಸೇತುವೆಯ ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಸತು ಸಿಂಪಡಿಸುತ್ತಾರೆ. ವಿಮಾನದ ಎಂಜಿನ್ ಭಾಗಗಳಿಗೂ ಇಂಥ ಪದರ ಹಾಕುತ್ತಾರೆ.

ಶೋಪ್ 1956ರಲ್ಲಿ ತೀರಿಕೊಂಡರು. ನಮ್ಮ ಊರಿನ ಹೆಸರನ್ನು ಅವರು ಕೇಳಿರಲಿಕ್ಕಿಲ್ಲ. ಆದರೂ ಅವರ ಯೋಚನೆಯಿಂದ ನಮ್ಮ ಸಸಿಗಳು ಉಳಿದವು, ಅಪ್ಪ ಅವತ್ತು ರಾತ್ರಿ ಹೊಟ್ಟೆ ತುಂಬ ಊಟ ಮಾಡಿದರು. ಗೆಳೆಯರೇ, ಸವೆದದ್ದನ್ನೆಲ್ಲ ಗುಜರಿಗೆ ಹಾಕಬೇಕಾಗಿಲ್ಲ. ಆಟ ಆಡುವಾಗಲೂ ಕಣ್ಣು ತೆರೆದು ನೋಡೋಣ.

— 7ನೇ ತರಗತಿ