ಪ್ಲೇಗಿನ ದಿನಗಳ ಲೋಕಮಾನ್ಯರು

ಆಗಸ್ಟ 1ನೆಯ ತಾರೀಖು ಬಂದಿತೆಂದರೆ ಲೋಕಮಾನ್ಯ ಬಾಳ ಗಂಗಾಧರ ಟಿಳಕರ ಸ್ಮರಣೆಯಾಗುವದು. ಆ ದಿನದ ಭಾಷಣಗಳಲ್ಲಿ ಸ್ವರಾಜ್ಯದ ಹಕ್ಕು, ಮಂಡಾಲೆಯ ಸೆರೆಮನೆ, ಗೀತಾರಹಸ್ಯ ಎಂಬೀ ಮೂರು ಸಂಗತಿಗಳು ತಪ್ಪದೆ ಬರುತ್ತವೆ. ಆದರೆ 1896-97ರಲ್ಲಿ ಪ್ಲೇಗು ಬಂದಾಗ ಅವರು ಏನು ಮಾಡಿದರೆಂಬದನ್ನು ನೆನೆಯುವವರು ವಿರಳ. 2020ರ ಮಹಾಮಾರಿಯನ್ನು ಕಣ್ಣಾರೆ ಕಂಡ ನಮ್ಮ ಪೀಳಿಗೆಗೆ ಈ ಅಧ್ಯಾಯವೇ ಎಲ್ಲಕ್ಕಿಂತ ಸಮೀಪದ್ದೆಂದು ನಾವು ಭಾವಿಸುತ್ತೇವೆ. ರೋಗವು ನಾಡನ್ನು ಹೊಕ್ಕಾಗ ರಾಜಕಾರಣಿಯು ಮಾಡಬೇಕಾದುದೇನು, ಸರಕಾರವನ್ನು ಪ್ರಶ್ನಿಸುವದಕ್ಕೂ ಜನರ ಜೀವ ಉಳಿಸುವದಕ್ಕೂ ಒಂದೇ ಕಾಲದಲ್ಲಿ ಅವಕಾಶವಿದೆಯೇ, ಎಂಬ ಪ್ರಶ್ನೆಗೆ ಅವರ ಚರಿತ್ರೆಯಲ್ಲಿ ಉತ್ತರವು ದೊರೆಯುತ್ತದೆ.

ಟಿಳಕರು 1856ರ ಜುಲೈ 23ರಂದು ರತ್ನಾಗಿರಿಯಲ್ಲಿ ಹುಟ್ಟಿದರು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಗಣಿತದ ಪದವೀಧರರಾಗಿ, ಕಾಯದೆಯ ಪರೀಕ್ಷೆಯನ್ನೂ ಮುಗಿಸಿ, ಸರಕಾರಿ ನೌಕರಿಯ ಆಸೆಯನ್ನು ಬದಿಗಿಟ್ಟು 1880ರಲ್ಲಿ ಗೆಳೆಯರೊಡನೆ ನ್ಯೂ ಇಂಗ್ಲಿಷ್ ಸ್ಕೂಲಿಗೆ ಸೇರಿದರು. ಮರುವರ್ಷವೇ ಕೇಸರಿ, ಮರಾಠಾ ಎಂಬ ಎರಡು ಪತ್ರಿಕೆಗಳು ಹೊರಟವು. 1890ರಲ್ಲಿ ಶಿಕ್ಷಣಸಂಸ್ಥೆಯನ್ನು ಬಿಟ್ಟ ಮೇಲೆ ಪತ್ರಿಕೆಯೇ ಅವರ ಶಾಲೆಯಾಯಿತು, ಜನರೇ ವಿದ್ಯಾರ್ಥಿಗಳಾದರು. 1895ರಲ್ಲಿ ಅವರು ಮುಂಬಯಿ ಕಾಯದೆ ಕೌನ್ಸಿಲಿನ ಸದಸ್ಯರೂ ಆದರು.

1896ರಲ್ಲಿ ಮಳೆ ಕೈಕೊಟ್ಟಿತು. ಮುಂಬಯಿ ಇಲಾಖೆಯ ಬರಪೀಡಿತ ಜಿಲ್ಲೆಗಳಲ್ಲಿ ನಮ್ಮ ವಿಜಾಪುರವೂ ಒಂದಾಗಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ರೈತನು ಆಕಾಶವನ್ನೇ ನಂಬಿ ಜೋಳ ಬಿತ್ತುವವನು. ಭೀಮೆ, ಡೋಣಿ, ಕೃಷ್ಣೆಗಳು ಹರಿದರೂ ಅವುಗಳ ನೀರು ಆ ಕಾಲದಲ್ಲಿ ಅವನ ಹೊಲಕ್ಕೆ ಏರುತ್ತಿರಲಿಲ್ಲ. 1876-78ರ ಘೋರ ಕ್ಷಾಮದ ನೆನಪು ಇನ್ನೂ ಮಾಸಿರಲಿಲ್ಲ. ಬೆಳೆಯಿಲ್ಲದ ವರ್ಷ ಕಂದಾಯವನ್ನು ತಡೆಹಿಡಿಯಬೇಕೆಂದು ಸರಕಾರದ ಕ್ಷಾಮನಿಯಮಗಳಲ್ಲಿಯೇ ಹೇಳಿತ್ತು. ಆದರೆ ಆ ನಿಯಮಗಳು ಇಂಗ್ಲಿಷಿನಲ್ಲಿದ್ದವು, ರೈತನಿಗೆ ಅವುಗಳ ಸುಳಿವೇ ಇರಲಿಲ್ಲ. ಟಿಳಕರು ಅವುಗಳನ್ನು ಜನರ ಭಾಷೆಯಲ್ಲಿ ಅಚ್ಚುಹಾಕಿಸಿ ಸಾರ್ವಜನಿಕ ಸಭೆಯ ಕಾರ್ಯಕರ್ತರ ಮೂಲಕ ಹಳ್ಳಿಹಳ್ಳಿಗೆ ಹಂಚಿಸಿದರು. ಎತ್ತು ಮಾರಿ, ಮನೆ ಮಾರಿ ಕಂದಾಯ ಕಟ್ಟಬೇಡಿರೆಂದು ತಿಳಿಹೇಳಿದರು. ನಮ್ಮ ನೆರೆಯ ಸೊಲ್ಲಾಪುರದ ನೇಕಾರರಿಗಾಗಿ ಪರಿಹಾರದ ಯೋಜನೆಯನ್ನು ಮುಂದಿಟ್ಟರು. ಸರಕಾರವು ಅದಕ್ಕೆ ಒಪ್ಪಲಿಲ್ಲ. ಸರಕಾರದ ನಿಯಮವನ್ನು ಜನರಿಗೆ ತಿಳಿಸಿದ್ದೇ ಅಪರಾಧವಾಗಿ, 1897ರಲ್ಲಿ ಸಾರ್ವಜನಿಕ ಸಭೆಯ ಮನ್ನಣೆಯನ್ನು ಸರಕಾರವು ಹಿಂತೆಗೆದುಕೊಂಡಿತು.

ಬರದ ಬೆನ್ನಿಗೇ ಪ್ಲೇಗು ಬಂದಿತು. 1896ರ ಸಪ್ಟೆಂಬರದಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಈ ಬೇನೆಯು ಕೆಲವೇ ತಿಂಗಳಲ್ಲಿ ಪುಣೆಯನ್ನು ಮುಟ್ಟಿತು. ರೋಗಾಣುವನ್ನು 1894ರಲ್ಲಿಯೇ ಹಾಂಗಕಾಂಗಿನಲ್ಲಿ ಕಂಡುಹಿಡಿದಿದ್ದರೂ, ಇಲಿಯ ಚಿಗಟದಿಂದ ಅದು ಮನುಷ್ಯನಿಗೆ ಹತ್ತುವದೆಂಬ ಮಾತನ್ನು ವಿಜ್ಞಾನಿ ಸಿಮೊಂಡರು ಹೊರಗೆಡಹಿದ್ದು 1898ರಲ್ಲಿ, ಪಂಡಿತರು ಅದನ್ನು ಒಪ್ಪಿದ್ದು ಇನ್ನೂ ತಡವಾಗಿ. ಆದುದರಿಂದ 1897ರ ಅಧಿಕಾರಿಗಳು ಮನೆಗಳಿಗೆ ಔಷಧ ಸುರಿಸಿ, ನೆಲ ಅಗೆಸಿ, ಹಾಸಿಗೆ ಬಟ್ಟೆ ಸುಡಿಸಿ, ಇಲಿಗಳನ್ನು ಒಂದು ಮನೆಯಿಂದ ಇನ್ನೊಂದಕ್ಕೆ ಓಡಿಸಿದರೆಂದರೆ ತಪ್ಪಲ್ಲ. ಅವರ ಕೈಗೆ ಅಸ್ತ್ರವಾದದ್ದು 1897ರ ಫೆಬ್ರುವರಿ 4ರಂದು ಜಾರಿಗೆ ಬಂದ ಸಾಂಕ್ರಾಮಿಕ ರೋಗಗಳ ಕಾಯದೆ. ನಾಲ್ಕೇ ಕಲಮುಗಳ ಆ ಚಿಕ್ಕ ಕಾಯದೆಯು ಸರಕಾರಕ್ಕೆ ಬೇಕಾದ ಕಟ್ಟಳೆ ಮಾಡುವ ಅಧಿಕಾರವನ್ನು ಕೊಟ್ಟು, ಮುರಿದವನಿಗೆ ಶಿಕ್ಷೆಯನ್ನು ವಿಧಿಸಿ, ಸದುದ್ದೇಶದಿಂದ ಮಾಡಿದ ಕೆಲಸಕ್ಕಾಗಿ ಅಧಿಕಾರಿಯ ಮೇಲೆ ಫಿರ್ಯಾದಿ ಬರದಂತೆ ರಕ್ಷಣೆಯನ್ನೂ ಒದಗಿಸಿತ್ತು. ಪುಣೆಯಲ್ಲಿ ರ್‍ಯಾಂಡ ಎಂಬ ಅಧಿಕಾರಿಯ ಕೈಕೆಳಗೆ ಗೋರಾ ಸಿಪಾಯಿಗಳು ಮನೆಮನೆಯ ತಪಾಸಣೆಗೆ ಹೊರಟರು. ದೇವರ ಮನೆ, ಅಡಿಗೆಮನೆ, ಹೆಂಗಸರ ಕೋಣೆ ಯಾವದೂ ಉಳಿಯಲಿಲ್ಲ.

ಊರಿನ ಅನೇಕ ಮುಂದಾಳುಗಳು ಪುಣೆಯನ್ನು ಬಿಟ್ಟು ಹೋದರು. ಟಿಳಕರು ಬಿಡಲಿಲ್ಲ. ಅವರು ಕೈಕೊಂಡ ಮಾರ್ಗವನ್ನು ಇಂದಿನ ಎಲ್ಲ ಪಕ್ಷಗಳ ಕಾರ್ಯಕರ್ತರೂ ಗಮನಿಸತಕ್ಕದ್ದು. ರೋಗಿಗಳನ್ನು ಬೇರ್ಪಡಿಸುವದು ಅವಶ್ಯವೆಂಬದನ್ನು ಅವರು ಅಲ್ಲಗಳೆಯಲಿಲ್ಲ. ಜನರು ರೋಗವನ್ನು ಮುಚ್ಚಿಡಬಾರದೆಂದೂ ಆಸ್ಪತ್ರೆಗೆ ಹೆದರಬಾರದೆಂದೂ ಕೇಸರಿಯಲ್ಲಿ ಬರೆದರು. ಸರಕಾರಿ ಆಸ್ಪತ್ರೆಗೆ ಹೋಗಲು ಜನ ಅಂಜಿದಾಗ ಹಿಂದೂ ಪ್ಲೇಗು ಆಸ್ಪತ್ರೆಯನ್ನು ತೆರೆಯಿಸಿ, ಅದಕ್ಕಾಗಿ ಹಣ ಕೂಡಿಸಿ, ತಾವೇ ಹೋಗಿ ರೋಗಿಗಳನ್ನು ವಿಚಾರಿಸಿಕೊಳ್ಳುತ್ತಿದ್ದರು. ಬೇರ್ಪಟ್ಟವರ ಶಿಬಿರದಲ್ಲಿ ಧರ್ಮಾರ್ಥ ಅಡಿಗೆಮನೆಯನ್ನು ನಡೆಯಿಸಿದರು. ತಪಾಸಣೆಯ ತಂಡಗಳೊಡನೆ ಸ್ವಯಂಸೇವಕರಾಗಿ ತಿರುಗಿ, ಕಣ್ಣಿಗೆ ಕಂಡ ಅನ್ಯಾಯವನ್ನು ಅಧಿಕಾರಿಗಳ ಮುಂದಿಟ್ಟರು. ಅದೇ ಲೇಖನಿಯಿಂದ ಸಿಪಾಯಿಗಳ ಉದ್ಧಟತನವನ್ನೂ ರ್‍ಯಾಂಡನ ಕಾಠಿಣ್ಯವನ್ನೂ ನಿರ್ಭಿಡೆಯಾಗಿ ಖಂಡಿಸಿದರು. ದವಾಖಾನೆಯಲ್ಲಿ ನಿಂತು ದುಡಿದವನ ಟೀಕೆಯಾದ್ದರಿಂದಲೇ ಅದಕ್ಕೆ ತೂಕವಿತ್ತೆಂಬದನ್ನು ನಾವು ಮರೆಯಕೂಡದು.

1897ರ ಜೂನ್ 22ರ ರಾತ್ರಿ, ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದಿಂದ ಮರಳುತ್ತಿದ್ದ ರ್‍ಯಾಂಡನ ಮೇಲೆ ಚಾಪೇಕರ ಸಹೋದರರು ಗುಂಡು ಹಾರಿಸಿದರು. ಜೊತೆಗಿದ್ದ ಅಯರ್ಸ್ಟ ಎಂಬ ಅಧಿಕಾರಿಯು ಆಗಲೇ ಸತ್ತನು. ರ್‍ಯಾಂಡನು ಜುಲೈ 3ರಂದು ತೀರಿಕೊಂಡನು. ಕೊಲೆಗೂ ಟಿಳಕರಿಗೂ ಸಂಬಂಧವನ್ನು ತೋರಿಸಲು ಸರಕಾರಕ್ಕೆ ಆಗಲಿಲ್ಲ. ಆದರೂ ಜುಲೈ 27ರಂದು ಮುಂಬಯಿಯಲ್ಲಿ ಅವರನ್ನು ರಾಜದ್ರೋಹದ ಆರೋಪದ ಮೇಲೆ ಹಿಡಿದರು. ಆರೋಪಕ್ಕೆ ಆಧಾರವಾದದ್ದು ಜೂನ್ ತಿಂಗಳಿನ ಶಿವಾಜಿ ಉತ್ಸವದ ವರದಿ. ಅದರಲ್ಲಿ ಅಫಝಲಖಾನನ ವಧೆಯ ಸಮರ್ಥನೆಯಿತ್ತು. ನಮ್ಮ ಜಿಲ್ಲೆಯ ವಾಚಕರಿಗೆ ಇದೊಂದು ವಿಚಿತ್ರ ಯೋಗವೆಂದು ತೋರದಿರದು. ಆದಿಲಶಾಹಿಯ ಆ ಸರದಾರನು 1659ರಲ್ಲಿ ಪ್ರತಾಪಗಡದಲ್ಲಿ ಮಡಿದನು. ದಂಡಯಾತ್ರೆಗೆ ಹೊರಡುವ ಮುನ್ನ ಅವನು ಕೊಲ್ಲಿಸಿದನೆಂದು ಜನರು ಹೇಳುವ ಹೆಂಡಂದಿರ ಗೋರಿಗಳು ವಿಜಾಪುರದ ಹೊರಗೆ ಸಾಠ ಕಬರ ಎಂಬ ಹೆಸರಿನಿಂದ ಇವೆ. ಎರಡು ಶತಮಾನಗಳ ಹಿಂದಿನ ಆ ವೃತ್ತಾಂತವು ಪ್ಲೇಗಿನ ವರ್ಷದಲ್ಲಿ ಒಬ್ಬ ಸಂಪಾದಕನನ್ನು ಸೆರೆಮನೆಗೆ ಕಳಿಸಲು ಸಾಧನವಾಯಿತು. ಅವರಿಗೆ ಜಾಮೀನು ಕೊಟ್ಟವರು 1887ರ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ನ್ಯಾಯಮೂರ್ತಿ ಬದ್ರುದ್ದೀನ ತಯ್ಯಬಜಿಯವರು. ವಿಚಾರಣೆಯಲ್ಲಿ ಒಂಬತ್ತು ಜನ ಜ್ಯೂರಿಗಳ ಪೈಕಿ ಆರು ಯುರೋಪಿಯನ್ನರು ಅಪರಾಧಿಯೆಂದರು, ಮೂವರು ಭಾರತೀಯರು ನಿರಪರಾಧಿಯೆಂದರು. ಸಪ್ಟೆಂಬರ 14ರಂದು ಒಂದೂವರೆ ವರ್ಷದ ಕಠಿಣ ಶಿಕ್ಷೆಯಾಯಿತು.

ಈ ಸಮಯದಲ್ಲಿ ರಾಷ್ಟ್ರೀಯ ಸಭೆಯೊಳಗಿನ ಪಕ್ಷಭೇದಗಳೂ ಬಯಲಿಗೆ ಬಂದವು. ಗೋಪಾಳ ಕೃಷ್ಣ ಗೋಖಲೆಯವರು ವಿಲಾಯತಿಯಲ್ಲಿದ್ದಾಗ, ಪುಣೆಯಿಂದ ಬಂದ ಪತ್ರಗಳನ್ನು ನಂಬಿ, ಸಿಪಾಯಿಗಳು ಹೆಂಗಸರ ಮಾನಭಂಗ ಮಾಡಿದರೆಂದು ಹೇಳಿದ್ದರು; ಮರಳಿದ ಮೇಲೆ ಸಾಕ್ಷಿ ಸಿಗದೆ ಬಹಿರಂಗವಾಗಿ ಕ್ಷಮೆ ಕೇಳಿದರು. ರಾಷ್ಟ್ರೀಯ ಪಕ್ಷದವರು ಅವರನ್ನು ಹಳಿದರು. ರುಜುವಾತಾಗದ ಮಾತನ್ನು ಹಿಂತೆಗೆದುಕೊಳ್ಳುವದು ಪ್ರಾಮಾಣಿಕತೆಯೇ ಎಂದು ನಾವು ಇಂದು ಒಪ್ಪಬೇಕು. ಟಿಳಕರಿಗೂ ಕ್ಷಮೆ ಕೇಳಿ ಪಾರಾಗುವ ಸಲಹೆ ಬಂದಿತು. ತಾವು ತಪ್ಪು ಮಾಡಿಲ್ಲವೆಂದು ನಂಬಿದ್ದ ಅವರು ಒಪ್ಪಲಿಲ್ಲ. ಬಂಗಾಲದವರು ಅವರ ಬಚಾವಿಗಾಗಿ ವರ್ಗಣಿ ಕೂಡಿಸಿ ಬ್ಯಾರಿಸ್ಟರರನ್ನು ಕಳಿಸಿದರು. ಒಂದು ಇಲಾಖೆಯ ಮುಖಂಡನು ಹಿಂದುಸ್ತಾನದ ಮುಖಂಡನಾದದ್ದು ಆ ಮೊಕದ್ದಮೆಯಿಂದಲೇ. 1898ರ ಸಪ್ಟೆಂಬರ 6ರಂದು ಅವಧಿಗೆ ಮುಂಚಿತವಾಗಿಯೇ ಅವರ ಬಿಡುಗಡೆಯಾಯಿತು.

ಅಷ್ಟರಲ್ಲಿ ಪ್ಲೇಗು ಕರ್ನಾಟಕವನ್ನು ಹೊಕ್ಕಿತ್ತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಅದರ ಹಾವಳಿ ಅತಿಯಾಗಿ, ಹಾಫ್‌ಕೀನರು ಮುಂಬಯಿಯಲ್ಲಿ ಸಿದ್ಧಪಡಿಸಿದ ಲಸಿಕೆಯನ್ನು ಸಾವಿರಾರು ಜನರಿಗೆ ಹಾಕಲಾಯಿತು. ಕ್ಷಾಮಕ್ಕೆ ಧಾನ್ಯ ತರಲೆಂದು 1884ರಲ್ಲಿ ತೆರೆದ ಹೊಟಗಿ-ಗದಗ ರೇಲ್ವೆಯು ಇಂಡಿ ರೋಡ, ವಿಜಾಪುರ, ಬಾಗೇವಾಡಿ ರೋಡ, ಆಲಮಟ್ಟಿಗಳ ಮೇಲಿಂದ ಹಾಯುವದು. ಜೋಳದ ಚೀಲ ಬಂದ ದಾರಿಯಿಂದಲೇ ಇಲಿಯೂ ಬರಬಹುದಾಗಿತ್ತು. ಮುಂದೆ ಎಷ್ಟೋ ವರ್ಷ ನಮ್ಮ ಕಡೆಯ ಹಳ್ಳಿಗರಿಗೆ ಇಲಿ ಬಿದ್ದ ಸುದ್ದಿಯೇ ಪಂಚಾಂಗವಾಯಿತು. ಕೇಳಿದೊಡನೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಕಳೆಯುತ್ತಿದ್ದರು. ಟಿಳಕರ ಮನೆಯನ್ನೂ ಈ ಬೇನೆಯು ಬಿಡಲಿಲ್ಲ. ಈ ಶತಮಾನದ ಹಿಂದಿನ ಶತಮಾನವು ತೊಡಗಿದ ಹೊಸದರಲ್ಲಿ, ಅವರು ತಾಯಿ ಮಹಾರಾಜರ ಮೊಕದ್ದಮೆಯ ಜಾಲದಲ್ಲಿದ್ದಾಗ, ಹಿರಿಯ ಮಗ ವಿಶ್ವನಾಥನು ಪ್ಲೇಗಿಗೆ ಬಲಿಯಾದನು. ತಂದೆಯು ಶೋಕವನ್ನು ನುಂಗಿಕೊಂಡು ಕೇಸರಿಯ ಕೆಲಸವನ್ನು ಮುಂದುವರಿಸಿದನು.

1905ರ ಸ್ವದೇಶಿ ಚಳವಳಿ, 1907ರ ಸೂರತಿನ ಒಡಕು, 1908ರಲ್ಲಿ ಆರು ವರ್ಷಗಳ ಗಡೀಪಾರು, ಅದಕ್ಕೆ ಉತ್ತರವಾಗಿ ಮುಂಬಯಿಯ ಗಿರಣಿ ಕೆಲಸಗಾರರು ಆರು ದಿನ ಹೂಡಿದ ಮುಷ್ಕರ, 1914ರ ಬಿಡುಗಡೆ, ಇವೆಲ್ಲ ವಾಚಕರಿಗೆ ಪರಿಚಿತವೇ. 1916ರ ಏಪ್ರಿಲ್ 28ರಂದು ಹೋಮರೂಲ ಸಂಘವು ಸ್ಥಾಪನೆಯಾದದ್ದು ನಮ್ಮ ಬೆಳಗಾವಿಯಲ್ಲಿ. ಗಂಗಾಧರರಾವ ದೇಶಪಾಂಡೆಯವರು ಆಗ ಅವರ ಬಲಗೈಯಾಗಿದ್ದರು. ಆ ಸಂಘದ ಶಾಖೆಗಳಲ್ಲಿ ಕರ್ನಾಟಕಕ್ಕೆ ಪ್ರತ್ಯೇಕ ಸ್ಥಾನವಿತ್ತು. ಭಾಷಾವಾರು ಪ್ರಾಂತಗಳ ತತ್ತ್ವವನ್ನು ಅವರು ಒಪ್ಪಿದ್ದರು. ವಿಜಾಪುರದಲ್ಲಿ ಹುಟ್ಟಿದ ಆಲೂರ ವೆಂಕಟರಾಯರು ಗೀತಾರಹಸ್ಯವನ್ನು ಕನ್ನಡಕ್ಕೆ ತಂದರು.

1918ರ ಮೇ ತಿಂಗಳಲ್ಲಿ ಮುಂಬಯಿ ಪ್ರಾಂತಿಕ ಪರಿಷತ್ತು ವಿಜಾಪುರದಲ್ಲಿ ಸೇರಿತು, ಗಾಂಧೀಜಿಯವರೂ ಬಂದಿದ್ದರು. ಕೆಲವೇ ವಾರಗಳಲ್ಲಿ ಮುಂಬಯಿಯ ಬಂದರಿನಲ್ಲಿ ಇನ್‌ಫ್ಲುಯೆಂಝಾ ಇಳಿಯಿತು. ನೆರೆಯ ಮಹಾರಾಷ್ಟ್ರದ ಹಳ್ಳಿಗರು ಮಾನಮೋಡಿ ಎಂದು ಕರೆದ ಈ ಬೇನೆಯ ಎರಡನೆಯ ಅಲೆಯು ಸಪ್ಟೆಂಬರದಿಂದ ಎದ್ದು, ಕೆಲವೇ ತಿಂಗಳಲ್ಲಿ ಹಿಂದುಸ್ತಾನದಲ್ಲಿ ಕೋಟಿಗೂ ಮಿಕ್ಕಿ ಜನರನ್ನು ಕೊಂದಿತು. 1911ರಿಂದ 1921ರ ದಶಕದಲ್ಲಿ ದೇಶದ ಜನಸಂಖ್ಯೆಯೇ ಇಳಿಯಿತು. ಸರಕಾರದ ಕೈ ಯುದ್ಧದಲ್ಲಿ ಸಿಕ್ಕಿತ್ತು, ಡಾಕ್ಟರರು ದಂಡಿನೊಡನೆ ಹೋಗಿದ್ದರು. ಸೂರತ ಮೊದಲಾದ ಕಡೆ ರಾಷ್ಟ್ರೀಯ ಚಳವಳಿಯ ತರುಣರು ಔಷಧ ಹಂಚುತ್ತ ಮನೆಮನೆ ತಿರುಗಿದರು. ಟಿಳಕರು ಮಾತ್ರ ಈ ಸಲ ಜನರ ನಡುವೆ ಇರಲಿಲ್ಲ. ಚಿರೋಲನ ಮೇಲಿನ ಮಾನಹಾನಿಯ ಮೊಕದ್ದಮೆಗಾಗಿ ಸಪ್ಟೆಂಬರ 24ರಂದು ವಿಲಾಯತಿಗೆ ಹೊರಟಿದ್ದರು. ಡಿಸೆಂಬರದ ದಿಲ್ಲಿ ಕಾಂಗ್ರೆಸ್ಸಿಗೆ ಅಧ್ಯಕ್ಷರಾಗಿ ಆಯ್ಕೆಯಾದರೂ ಆ ಪೀಠದಲ್ಲಿ ಕೂಡ್ರುವ ಯೋಗವು ಬರಲಿಲ್ಲ. ಪಂಡಿತ ಮಾಲವೀಯರು ಕೂತರು. ಮೊಕದ್ದಮೆಯನ್ನು ಸೋತು 1919ರ ನವಂಬರದಲ್ಲಿ ಮರಳಿದರು. 1920ರ ಆಗಸ್ಟ 1ರಂದು ಮುಂಬಯಿಯ ಸರದಾರಗೃಹದಲ್ಲಿ ದೇಹ ಬಿಟ್ಟರು. ಅಸಹಕಾರ ಚಳವಳಿಯು ಆರಂಭವಾಗಬೇಕಾದ ದಿನವೂ ಅದೇ.

ಅವರನ್ನು ನಿರ್ದೋಷಿಯೆಂದು ಚಿತ್ರಿಸುವದು ನಮ್ಮ ಉದ್ದೇಶವಲ್ಲ. 1891ರ ಸಂಮತಿವಯಸ್ಸಿನ ಕಾಯದೆಯನ್ನು ಅವರು ವಿರೋಧಿಸಿದ್ದು ಹೆಣ್ಣುಮಕ್ಕಳ ಹಿತಕ್ಕೆ ಮಾರಕವಾಗಿತ್ತು. 1918ರ ಮಾರ್ಚದಲ್ಲಿ, ಜಮಖಂಡಿಯವರಾದ ವಿಠ್ಠಲ ರಾಮಜಿ ಶಿಂದೆಯವರು ಮುಂಬಯಿಯಲ್ಲಿ ಕೂಡಿಸಿದ ಪರಿಷತ್ತಿನಲ್ಲಿ ಅಸ್ಪೃಶ್ಯತೆಯ ವಿರುದ್ಧ ಮಾತಾಡಿದರೂ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಲಿಲ್ಲ. ಅವರ ಪ್ಲೇಗು ಆಸ್ಪತ್ರೆಯೂ ಹಿಂದೂಗಳ ಹೆಸರಿನದಾಗಿತ್ತು. ಕಾಲಧರ್ಮವೆಂದು ಅದನ್ನು ಅರ್ಥ ಮಾಡಿಕೊಳ್ಳಬಹುದು, ಆದರ್ಶವೆಂದು ಎತ್ತಿಹಿಡಿಯಲಾಗದು. ಬಸವಣ್ಣನವರು ಹುಟ್ಟಿದ ನೆಲದಲ್ಲಿ ಕುಳಿತು ನಾವು ಇಷ್ಟನ್ನಾದರೂ ಹೇಳಬೇಕು.

1897ರ ಅದೇ ಕಾಯದೆಯನ್ನು 2020ರಲ್ಲಿಯೂ ಹೊರತೆಗೆಯಲಾಯಿತು. ಆ ವರ್ಷದ ಮಾರ್ಚ 25ರಿಂದ ದೇಶವು ಬೀಗ ಹಾಕಿಕೊಂಡಾಗ, ಮುಂಬಯಿ, ಪುಣೆ, ಗೋವೆಗಳಿಗೆ ದುಡಿಯಲು ಹೋಗಿದ್ದ ನಮ್ಮ ನಾಲ್ಕೂ ತಾಲೂಕಿನ ಜನರು ಮಕ್ಕಳುಮರಿಗಳೊಡನೆ ಊರ ಕಡೆ ತಿರುಗಿದರು. ಹಿಂದೆ ಇಂಡಿ ತಾಲೂಕಿಗೆ ಸೇರಿದ್ದ ಧೂಳಖೇಡದ ಠಾಣೆಯಲ್ಲಿ, ಭೀಮೆಯ ದಂಡೆಯಲ್ಲಿ, ತಮ್ಮ ನಾಡಿನ ಬಾಗಿಲಲ್ಲಿಯೇ ಅವರನ್ನು ತಡೆದು ಪರೀಕ್ಷಿಸಲಾಯಿತು. ತಡೆಯುವದು ಆಗ ಅವಶ್ಯವಾಗಿದ್ದೀತು. ತಡೆದವರಿಗೆ ನೀರು, ನೆರಳು, ಅನ್ನ, ಮರ್ಯಾದೆ ಇವು ದೊರೆತವೇ ಎಂದು ನೋಡಿಕೊಳ್ಳುವದೂ ಅಷ್ಟೇ ಅವಶ್ಯವಾಗಿತ್ತು. 2021ರ ಏಪ್ರಿಲದಲ್ಲಿ, ಎರಡನೆಯ ಅಲೆಯು ಏಳುತ್ತಿರುವಾಗಲೇ, ಬೆಳಗಾವಿ, ಬಸವಕಲ್ಯಾಣ, ಮಸ್ಕಿಗಳಲ್ಲಿ ಉಪಚುನಾವಣೆಗಳಾದವು. ಅಕ್ಟೋಬರ 30ರಂದು ಸಿಂದಗಿಯಲ್ಲಿಯೂ ಆಯಿತು. ರಾಷ್ಟ್ರೀಯ ಪಕ್ಷಗಳ ದೊಡ್ಡ ದೊಡ್ಡ ಮುಖಂಡರು ಮತ ಕೇಳಲು ಬಂದರು. ಅವರಲ್ಲಿ ಎಷ್ಟು ಜನರು ಅದೇ ಊರುಗಳ ಆಸ್ಪತ್ರೆಯ ಬಾಗಿಲಲ್ಲಿ ಹಾಸಿಗೆಗಾಗಿ ಕಾದಿದ್ದವರ ಪಕ್ಕದಲ್ಲಿ ನಿಂತಿದ್ದರೆಂಬದನ್ನು ಮತದಾರನೇ ಬಲ್ಲನು.

ರೋಗದ ಕಾಲದಲ್ಲಿ ಸರಕಾರದ ಪಕ್ಷದವರು ಟೀಕೆಯನ್ನು ದ್ರೋಹವೆನ್ನುವರು. ಎದುರು ಪಕ್ಷದವರು ಜನರ ಭಯವನ್ನೇ ಬಂಡವಾಳ ಮಾಡಿಕೊಳ್ಳುವರು. ಟಿಳಕರು ಈ ಎರಡು ದಾರಿಗಳನ್ನೂ ಬಿಟ್ಟಿದ್ದರು. ಬೇರೆಯಾಗಿ ಇರಿರೆಂದು ಜನರಿಗೆ ಹೇಳಿ, ಬೇರೆಯಿಟ್ಟವರಿಗೆ ಅನ್ನ ಬಡಿಸಿ, ಆಮೇಲೆ ಸರಕಾರದ ಲೆಕ್ಕ ಕೇಳಿದರು. ಲೆಕ್ಕ ಕೇಳಿದ್ದಕ್ಕಾಗಿ ಸೆರೆಯನ್ನೂ ಕಂಡರು. ನಮ್ಮ ತಾಲೂಕುಗಳ ಅಧಿಕಾರಿಗಳೂ ಪಕ್ಷಗಳ ಕಾರ್ಯಕರ್ತರೂ ಮುಂದಿನ ಬೇನೆಯು ಬರುವ ಮೊದಲೇ ಈ ಕ್ರಮವನ್ನು ಮನಸ್ಸಿಗೆ ತಂದುಕೊಂಡರೆ, ಲೋಕಮಾನ್ಯರ ಸ್ಮರಣೆಯು ಸಾರ್ಥಕವಾದಂತೆ.