ಎನಿಗ್ಮಾ ಒಡೆದ ಅಲನ್ ಟ್ಯೂರಿಂಗ್

ನಂಜನಗೂಡಿನಲ್ಲಿ ಕಪಿಲೆಗೆ 1735ರಲ್ಲಿ ಕಟ್ಟಿದ ಹಳೇ ಸೇತುವೆ ನೋಡಿರ್ತೀರಿ. ಅಲನ್ ಟ್ಯೂರಿಂಗ್‌ಗೂ ನಮ್ಮ ಕಡೆಯ ಒಂದು ಸೇತುವೆಯ ನಂಟಿದೆ. ಅವರ ತಾಯಿಯ ತಂದೆ ಎಡ್ವರ್ಡ್ ಸ್ಟೋನಿ ಮದ್ರಾಸ್ ರೈಲ್ವೆಯ ಚೀಫ್ ಎಂಜಿನಿಯರ್, ತುಂಗಭದ್ರಾ ಸೇತುವೆ ಕಟ್ಟಿಸಿದವರು.

1912ರ ಜೂನ್ 23ರಂದು ಲಂಡನ್ನಿನಲ್ಲಿ ಹುಟ್ಟಿದ ಟ್ಯೂರಿಂಗ್, ಅಪ್ಪ-ಅಮ್ಮ ಇಂಡಿಯಾದಲ್ಲಿದ್ದ ಕಾರಣ ಬೇರೆಯವರ ಮನೆಯಲ್ಲಿ ಬೆಳೆದರು. ಗಣಿತ ಅಂದ್ರೆ ಪ್ರಾಣ. 24ನೇ ವಯಸ್ಸಿಗೇ, 1936ರಲ್ಲಿ, ಕಂಪ್ಯೂಟರ್ ವಿಜ್ಞಾನಕ್ಕೆ ತಳಪಾಯ ಹಾಕಿದ ಪ್ರಬಂಧ ಪ್ರಕಟಿಸಿದರು. ಥಿಯರಿಗೇ ನಿಲ್ಲಲಿಲ್ಲ; ಪ್ರಿನ್ಸ್‌ಟನ್‌ನಲ್ಲಿ ತಾವೇ ರಿಲೇ ಸುತ್ತಿ ಗುಣಾಕಾರದ ಯಂತ್ರ ಜೋಡಿಸಿದರು. ತಿ. ನರಸೀಪುರದಲ್ಲಿ ಕಪಿಲೆ ಕಾವೇರಿಯನ್ನು ಸೇರುವ ಹಾಗೆ, ಅವರಲ್ಲಿ ಗಣಿತವೂ ಕೈಕೆಲಸವೂ ಕೂಡಿದ್ದವು.

1938ರಲ್ಲಿ ಬ್ರಿಟನ್ನಿನ ಗುಪ್ತಲಿಪಿ ವಿಭಾಗದಲ್ಲಿ ತರಬೇತಿ ಪಡೆದರು. 1939ರ ಸೆಪ್ಟೆಂಬರ್ 4ಕ್ಕೆ, ಯುದ್ಧ ಘೋಷಣೆಯಾದ ಮರುದಿನವೇ, ಬ್ಲೆಚ್‌ಲಿ ಪಾರ್ಕಿನಲ್ಲಿ ಡ್ಯೂಟಿಗೆ ಹಾಜರ್! ಎದುರಿಗಿದ್ದದ್ದು ಜರ್ಮನರ ಎನಿಗ್ಮಾ. ಅದರಲ್ಲೊಂದು ಹುಳುಕಿತ್ತು: ಯಾವ ಅಕ್ಷರವೂ ಎನ್‌ಕ್ರಿಪ್ಟ್ ಆದಮೇಲೆ ಅದೇ ಅಕ್ಷರವಾಗಿ ಬರ್ತಿರಲಿಲ್ಲ. ಮೇಲಾಗಿ ಆಪರೇಟರ್‌ಗಳು ಹವಾಮಾನ ವರದಿಯನ್ನು ದಿನಾ ಒಂದೇ ಧಾಟಿಯಲ್ಲಿ ಕಳಿಸ್ತಿದ್ರು. ಹಾಗಾಗಿ ಸಂದೇಶದಲ್ಲಿ ಯಾವ ಪದ ಇದೆ ಅಂತ ಊಹಿಸಬಹುದಿತ್ತು. ಪೋಲೆಂಡಿನ ಗಣಿತಜ್ಞರ ಕೆಲಸವನ್ನು ಮುಂದುವರಿಸಿ ಟ್ಯೂರಿಂಗ್ ರೂಪಿಸಿದ ಬಾಂಬ್ ಎಂಬ ಯಂತ್ರ, ಈ ಊಹೆ ಹಿಡಿದೇ ಆ ದಿನದ ಕೀ ಹುಡುಕ್ತಿತ್ತು. ನಾವು ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಹಾಕೋದೂ ಆ ಆಪರೇಟರ್‌ಗಳ ಜಾತಿಯ ತಪ್ಪೇ.

ಯುದ್ಧ ಗೆಲ್ಲೋಕೆ ನೆರವಾದವರನ್ನು ದೇಶ ನಡೆಸಿಕೊಂಡ ರೀತಿ ಮಾತ್ರ ಬೇರೆ. ಸಲಿಂಗ ಸಂಬಂಧದ ಕಾರಣಕ್ಕೆ 1952ರಲ್ಲಿ ಶಿಕ್ಷೆಯಾಯ್ತು, ಗುಪ್ತಲಿಪಿ ಕೆಲಸವೂ ಕೈತಪ್ಪಿತು. 1954ರ ಜೂನ್ 7ರಂದು, 41ನೇ ವಯಸ್ಸಿಗೇ ತೀರಿಕೊಂಡರು. ಕ್ಷಮಾದಾನ ಬಂದದ್ದು 2013ರಲ್ಲಿ.

ಸೈಬರ್ ಸೆಕ್ಯುರಿಟಿ ಕಲೀಬೇಕು ಅನ್ನೋರು ಟ್ಯೂರಿಂಗ್ ಹಿಡಿದ ಕ್ರಮವನ್ನೇ ಹಿಡಿಯಬಹುದು: ಮೊದಲು ಬುನಾದಿ, ಆಮೇಲೆ ಕೈಯಾರೆ ಮಾಡಿ ನೋಡೋದು, ಆಮೇಲೆ ಕೆಲಸ.