ಮರ ನೆಟ್ಟ ಸಾಹೇಬರು, ತಡವಾಗಿ ಬಂದ ಕಾಯ್ದೆ

ಬೆಂಗಳೂರಿನ ಲಾಲ್‌ಬಾಗ್ ಪಕ್ಕದಲ್ಲಿ ಕ್ರುಂಬಿಗಲ್ ರಸ್ತೆ ಅಂತ ಒಂದಿದೆ. ಬೋರ್ಡು ಓದುವಾಗ ನಾಲಿಗೆ ತೊಡರುತ್ತೆ. ಈ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಹುಟ್ಟಿದ್ದು 1865ರಲ್ಲಿ, ಜರ್ಮನಿಯ ಡ್ರೆಸ್ಡನ್ ಬಳಿ. ಲಂಡನ್ನಿನ ಹೈಡ್ ಪಾರ್ಕು, ಕ್ಯೂ ತೋಟಗಳಲ್ಲಿ ಕೈ ಪಳಗಿಸಿಕೊಂಡು 1893ರಲ್ಲಿ ಬರೋಡಾ ಮಹಾರಾಜರ ಚಾಕರಿಗೆ ಬಂದರು. 1908ರಲ್ಲಿ ಮೈಸೂರು ಸಂಸ್ಥಾನ ಕರೆಸಿಕೊಂಡಿತು. ಲಾಲ್‌ಬಾಗ್ ನೋಡಿಕೊಂಡು 1932ರಲ್ಲಿ ನಿವೃತ್ತರಾದರು.

ಸಾಹೇಬರು ತೋಟದ ಬೇಲಿಯೊಳಗೇ ಕೂತವರಲ್ಲ. ಬೀದಿಬೀದಿಗೂ ಮರ ಬೇಕು, ಅದೂ ಲೆಕ್ಕಾಚಾರದ ಮೇಲೆ ಬೇಕು ಅನ್ನುವುದು ಅವರ ಹಟ. ಒಂದು ಜಾತಿಯ ಮರದ ಹೂವಿನ ಕಾಲ ಮುಗಿಯುವಷ್ಟರಲ್ಲಿ ಇನ್ನೊಂದು ಅರಳಬೇಕು, ವರ್ಷವಿಡೀ ಊರಲ್ಲಿ ಎಲ್ಲಾದರೂ ಒಂದು ಕಡೆ ಹೂ ಇರಬೇಕು. ಬಿಸಿಲಲ್ಲಿ ಬಸ್ಸಿಗೆ ಕಾಯುವವರಿಗೆ, ಅಂಗಡಿ ಮುಂದೆ ಸೈಕಲ್ ನಿಲ್ಲಿಸುವವರಿಗೆ ನೆರಳು ಪುಕ್ಕಟೆ! ಇಷ್ಟು ಮಾಡಿದವರನ್ನೇ ಯುದ್ಧಕಾಲದಲ್ಲಿ ಜರ್ಮನ್ ಎಂಬ ಒಂದೇ ಕಾರಣಕ್ಕೆ ಬ್ರಿಟಿಷರು ಬಂಧನದಲ್ಲಿಟ್ಟರು. ಬಿಡುಗಡೆಯಾದ ಮೇಲೂ ಅವರು ಬೆಂಗಳೂರು ಬಿಡಲಿಲ್ಲ. 1956ರಲ್ಲಿ ಇಲ್ಲೇ ತೀರಿಕೊಂಡರು. ಸಮಾಧಿ ಹೊಸೂರು ರಸ್ತೆಯಲ್ಲಿದೆ.

ಅವರ ಕೆಲಸಕ್ಕೆ ಬೆಂಬಲವಾಗಿದ್ದದ್ದು ಅರಮನೆಯ ಮರ್ಜಿ. ಅರಸೊತ್ತಿಗೆ ಹೋಯಿತು, ಸೈಟಿನ ಬೆಲೆ ಏರಿತು. ಖಾಲಿ ಹಸಿರು ಜಾಗ ಕಂಡರೆ ಬಾಯಲ್ಲಿ ನೀರೂರದವರು ಯಾರು ಸ್ವಾಮಿ? ಸಾಹೇಬರು ಕಣ್ಣುಮುಚ್ಚಿ 19 ವರ್ಷವಾದ ಮೇಲೆ, 1975ರಲ್ಲಿ, ಸರ್ಕಾರಿ ಉದ್ಯಾನಗಳ ಸಂರಕ್ಷಣೆಗೆ ಕಾಯ್ದೆ ಬಂತು. ಕಬ್ಬನ್ ಪಾರ್ಕು, ಲಾಲ್‌ಬಾಗುಗಳ ನೆಲವನ್ನು ಮಾರುವಂತಿಲ್ಲ, ಗುತ್ತಿಗೆಗೂ ಕೊಡುವಂತಿಲ್ಲ ಎಂದಾಯಿತು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆಯಲ್ಲೂ ಹೊಸ ಬಡಾವಣೆಯ ಶೇ. 15ರಷ್ಟು ಜಾಗ ಪಾರ್ಕು, ಆಟದ ಮೈದಾನಕ್ಕೇ ಮೀಸಲು ಎಂಬ ಮಾತು ಸೇರಿತು.

ಕಾಯ್ದೆ ಪುಸ್ತಕದಲ್ಲಿದ್ದರೆ ಆಯಿತೇ? ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟುಬಿಟ್ಟರು. ಅಕ್ಕಪಕ್ಕದ ನಿವಾಸಿಗಳು ಕೋರ್ಟಿಗೆ ಹೋದರು. ಜಾಗ ನಿಮ್ಮದಲ್ಲ, ನಿಮಗೇನು ಹಕ್ಕು ಎಂಬ ತಕರಾರೂ ಎದ್ದಿತು. ಕೇಸು ದಿಲ್ಲಿ ತನಕ ಹತ್ತಿತು. 1991ರಲ್ಲಿ ಸುಪ್ರೀಂ ಕೋರ್ಟ್ ಆ ಮಂಜೂರಾತಿ ನಿಲ್ಲುವುದಿಲ್ಲವೆಂದು ತೀರ್ಪು ಕೊಟ್ಟಿತು. ಪಾರ್ಕು ಹೋದರೆ ಕೇಳುವ ಹಕ್ಕು ಬಡಾವಣೆಯ ಜನಕ್ಕೆ ಇದೆ ಎಂಬುದನ್ನೂ ಒಪ್ಪಿತು.